ಕಲಬುರಗಿ ಧೂಳಿಗೆ ಯಾವ ಟವೆಲ್? ಕಾರಿನ ಮೈಕ್ರೋಫೈಬರ್ ಬಟ್ಟೆ ಆರಿಸುವುದರಿಂದ ಒಗೆಯುವವರೆಗೆ

ನನ್ನ ಕಾರು ಕಪ್ಪು ಬಣ್ಣದ್ದು. ಕಲಬುರಗಿಯಲ್ಲಿದ್ದುಕೊಂಡು ಕಪ್ಪು ಕಾರು ತಗೊಂಡವನ ಬುದ್ಧಿ ಎಂಥದ್ದು ಅಂತ ನೀವೇ ಅಂದುಕೊಳ್ಳಿ. ಮೊದಲ ಆರು ತಿಂಗಳು ದಿನಾ ಬೆಳಗ್ಗೆ ಅಪ್ಪನ ಹಳೇ ಧೋತರದ ತುಂಡಿನಿಂದ ಕಾರಿನ ಮೇಲಿನ ಧೂಳು ಝಾಡಿಸಿ ಒರೆಸುತ್ತಿದ್ದೆ. ಹತ್ತಿ ಬಟ್ಟೆ, ಮೆತ್ತಗಿದೆ, ಏನಾಗುತ್ತೆ ಅಂತ. ಒಂದು ರಾತ್ರಿ ಸೇಡಂ ರೋಡಿನಲ್ಲಿ ಪೆಟ್ರೋಲ್ ಹಾಕಿಸುವಾಗ ಬಂಕಿನ ಬಿಳಿ ಲೈಟು ನೇರ ಬಾನೆಟ್ ಮೇಲೆ ಬಿತ್ತು. ಆ ಲೈಟಿನ ಸುತ್ತ ಜೇಡರ ಬಲೆ ಹಾಗೆ ಸಾವಿರಾರು ಸಣ್ಣ ಗೀರುಗಳು, ಸುತ್ತಿ ಸುತ್ತಿ. ಉಗುರಿಗೆ ಹತ್ತುತ್ತಿರಲಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತಿತ್ತು. ಡೀಟೇಲಿಂಗ್, ಅಂದರೆ ಕಾರನ್ನು ಕೂಲಂಕಷವಾಗಿ ತೊಳೆದು ಹೊಳಪು ಕೊಡುವ ಕೆಲಸ, ಮಾಡುವವರು ಇದಕ್ಕೆ ಸ್ವರ್ಲ್ ಮಾರ್ಕ್ ಅನ್ನುತ್ತಾರೆ. ಇದನ್ನು ಬೇರೆ ಯಾರೂ ಮಾಡಿರಲಿಲ್ಲ, ನಾನೇ ದಿನಾ ಪ್ರೀತಿಯಿಂದ ಮಾಡಿದ್ದೆ.

ಆಮೇಲೆ ಮೈಕ್ರೋಫೈಬರ್ ತಂದೆ. ಗೀರು ಬೀಳುವುದು ಆಗಲೂ ನಿಲ್ಲಲಿಲ್ಲ. ಯಾಕೆ ಅಂತ ತಿಳಿಯಲು ಇನ್ನೊಂದು ವರ್ಷ ಹಿಡಿಯಿತು. ಬಟ್ಟೆ ದುಬಾರಿಯಾದರೆ ಸಾಲದು. ಅದನ್ನು ಧೂಳಿನ ಮೇಲೆ ಯಾವಾಗ ಇಡುತ್ತೀರಿ, ಇಟ್ಟ ಮೇಲೆ ಹೇಗೆ ಒಗೆಯುತ್ತೀರಿ ಅನ್ನುವುದರ ಮೇಲೆ ಮುಕ್ಕಾಲು ಪಾಲು ನಿಂತಿದೆ.

ಮೊದಲು ನಮ್ಮ ಧೂಳಿನ ವಿಚಾರ

ನಮ್ಮ ಕಡೆ ಧೂಳು ಒಂದೇ ತರದ್ದಲ್ಲ. ಎರೆಮಣ್ಣು ಒಣಗಿದರೆ ಹಿಟ್ಟಿನ ಹಾಗೆ ಹಾರುತ್ತದೆ, ಒದ್ದೆಯಾದರೆ ಅಂಟಿನ ಹಾಗೆ ಕೂರುತ್ತದೆ. ತೊಗರಿ ರಾಶಿ ಶುರುವಾದರೆ ಹೊಟ್ಟು. ಶಹಾಬಾದ್ ಕಡೆ ಹೋಗಿ ಬಂದರೆ ಫರಸಿ ಕಲ್ಲಿನ ಬಿಳಿ ಪುಡಿ. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಧೂಳು. ಹೋಳಿ ಆದಮೇಲೆ ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ಗುಡಿಯ ಸುತ್ತ ಎಲ್ಲಾದರೂ ಕಾರು ನಿಲ್ಲಿಸಿ ನೋಡಿ, ಸಂಜೆಗೆ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು.

ಈ ಎಲ್ಲದರ ಜೊತೆಗೂ ರಸ್ತೆಯ ಮರಳು ಇದ್ದೇ ಇರುತ್ತದೆ. ಮರಳಿನ ಕಣ ಗಾಜನ್ನೇ ಗೀರುವಷ್ಟು ಗಟ್ಟಿ. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40–50 ಮೈಕ್ರಾನ್ ಆಸುಪಾಸು. ಒಂದು ತಲೆಗೂದಲಿನಷ್ಟು ದಪ್ಪವೂ ಇರುವುದಿಲ್ಲ. ಒಣ ಧೂಳಿನ ಮೇಲೆ ಒಣ ಬಟ್ಟೆ ಇಟ್ಟು ಎಳೆದರೆ ನೀವು ಮಾಡುತ್ತಿರುವುದು ಉಪ್ಪುಕಾಗದದ ಕೆಲಸ. ಹತ್ತಿಯಾದರೂ ಅಷ್ಟೇ, ರೇಷ್ಮೆಯಾದರೂ ಅಷ್ಟೇ.

ಅದಕ್ಕೇ ನನ್ನ ಮೊದಲ ನಿಯಮ: ಧೂಳನ್ನು ನೀರು ತೆಗೆಯಬೇಕು, ಟವೆಲ್ ನೀರನ್ನು ತೆಗೆಯಬೇಕು. ದಿನಾ ಬೆಳಗ್ಗೆ ಒಣ ಬಟ್ಟೆ ಹಿಡಿಯುವ ಚಟ ಇದ್ದರೆ ಇವತ್ತೇ ಬಿಡಿ. ಎರಡು ದಿನ ಧೂಳು ಮೇಲೆ ಕೂತಿದ್ದರೆ ಕಾರಿಗೆ ಏನೂ ಆಗುವುದಿಲ್ಲ. ಸಿಮೆಂಟ್ ಧೂಳು ಮಾತ್ರ ಬೇರೆ. ಇಬ್ಬನಿಯ ತೇವ ತಾಗಿದರೆ ಅಲ್ಲೇ ಗಟ್ಟಿಯಾಗುತ್ತದೆ. ಆ ಕಡೆ ಹೋಗಿ ಬಂದರೆ ಅದೇ ದಿನ ಧಾರಾಳವಾಗಿ ನೀರು ಹೊಡೆಯಿರಿ. ಅರ್ಧಂಬರ್ಧ ಒದ್ದೆ ಬಟ್ಟೆಯಲ್ಲಿ ಉಜ್ಜಲು ಹೋಗಬೇಡಿ.

ಮೈಕ್ರೋಫೈಬರ್ ಅಂದರೆ ಏನು

ಎಳೆಯ ದಪ್ಪವನ್ನು ಡೆನಿಯರ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. 9,000 ಮೀಟರ್ ಉದ್ದದ ಎಳೆ 1 ಗ್ರಾಂ ತೂಗಿದರೆ ಅದು 1 ಡೆನಿಯರ್. ಅದಕ್ಕಿಂತ ಸಣ್ಣದಿದ್ದರೆ ಮೈಕ್ರೋಫೈಬರ್. ಒಳ್ಳೆ ಟವೆಲ್‌ಗಳಲ್ಲಿ 0.1–0.2 ಡೆನಿಯರ್‌ವರೆಗೂ ಇರುತ್ತದೆ.

ಈ ಎಳೆ ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್, ಅಂದರೆ ನೈಲಾನ್, ಎರಡೂ ಸೇರಿ ಆಗಿರುತ್ತದೆ. ಕಾರ್ಖಾನೆಯಲ್ಲಿ ಆ ಎಳೆಯನ್ನು ಸೀಳುತ್ತಾರೆ. ಕಿತ್ತಳೆ ಹಣ್ಣಿನ ತೊಳೆ ಬಿಡಿಸಿದ ಹಾಗೆ ಒಂದೊಂದು ಎಳೆಯೂ ಹಲವು ಸೀಳಾಗುತ್ತದೆ. ಆ ಸೀಳುಗಳ ನಡುವಿನ ಸಂದಿಯಲ್ಲೇ ನೀರು, ಎಣ್ಣೆಜಿಡ್ಡು, ಸಣ್ಣ ಕೊಳೆ ಹೋಗಿ ಕೂರುವುದು. ಹತ್ತಿಯ ಎಳೆ ದಪ್ಪಗೆ ಇರುವುದರಿಂದ ಕೊಳೆಯನ್ನು ಮೇಲೆ ಮೇಲೆ ತಳ್ಳುತ್ತದೆ. ಇದು ಒಳಗೆ ಎಳೆದುಕೊಳ್ಳುತ್ತದೆ. ಒಳ್ಳೆಯದೇ, ಆದರೆ ಎಳೆದುಕೊಂಡ ಮರಳನ್ನು ಸುಲಭಕ್ಕೆ ಬಿಟ್ಟುಕೊಡುವುದೂ ಇಲ್ಲ. ಒಗೆಯುವ ಭಾಗಕ್ಕೆ ಬಂದಾಗ ಈ ಮಾತು ನೆನಪಿರಲಿ.

ಪ್ಯಾಕೆಟ್ ಮೇಲೆ 80/20 ಅಥವಾ 70/30 ಅಂತ ಬರೆದಿರುತ್ತದೆ. ದೊಡ್ಡ ಸಂಖ್ಯೆ ಪಾಲಿಯೆಸ್ಟರ್, ಚಿಕ್ಕದು ನೈಲಾನ್. ನೈಲಾನ್ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಮೆತ್ತಗೂ ಇರುತ್ತದೆ, ನೀರೂ ಚೆನ್ನಾಗಿ ಕುಡಿಯುತ್ತದೆ, ಬೆಲೆಯೂ ಏರುತ್ತದೆ. ಬಣ್ಣದ ಮೇಲೆ ಬಳಸುವುದಕ್ಕೆ 70/30 ಸಿಕ್ಕರೆ ತಗೊಳ್ಳಿ. ಒಳಗಿನ ಡ್ಯಾಶ್‌ಬೋರ್ಡ್, ಬಾಗಿಲು, ಗಾಲಿಗೆ 80/20 ಧಾರಾಳ ಸಾಕು. ಪೂರ್ತಿ ಪಾಲಿಯೆಸ್ಟರ್ ಬಟ್ಟೆಗಳೂ ಮೈಕ್ರೋಫೈಬರ್ ಹೆಸರಲ್ಲೇ ಬರುತ್ತವೆ. ಅಗ್ಗದಲ್ಲಿ ಬರುವ ಇಂಥವು ನೀರನ್ನು ಹೀರದೆ ಮೇಲೆ ದೂಡಿಕೊಂಡು ಹೋಗುತ್ತವೆ.

ತಕ್ಕಡಿ ತನ್ನಿ

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ದಪ್ಪ ಜಾಸ್ತಿಯಾದಷ್ಟೂ ಸಂಖ್ಯೆ ಜಾಸ್ತಿ. ಇದರಲ್ಲಿ ಆಗುವಷ್ಟು ಸುಳ್ಳು ಇನ್ಯಾವುದರಲ್ಲೂ ಆಗುವುದಿಲ್ಲ. ಒಂದು ಅಂಗಡಿಯಲ್ಲಿ ನನಗೆ 40 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಟವೆಲ್ ತೋರಿಸಿ, "ಸರ್, 1200 ಜಿಎಸ್‌ಎಂ ಅದ ರೀ, ಕಣ್ಮುಚ್ಚಿ ಒಯ್ರಿ" ಅಂದ. ಕಣ್ಣು ಮುಚ್ಚಿಕೊಂಡೇ ಒಯ್ದೆ. ಮನೆಯಲ್ಲಿ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಇಟ್ಟರೆ 170 ಗ್ರಾಂ.

ಲೆಕ್ಕ ಸುಲಭ. ಉದ್ದ, ಅಗಲ ಎರಡನ್ನೂ ಮೀಟರಿನಲ್ಲಿ ಗುಣಿಸಿ. 0.4 ಗುಣಿಸು 0.6 ಅಂದರೆ 0.24 ಚದರ ಮೀಟರ್. ತೂಕವನ್ನು ಅದರಿಂದ ಭಾಗಿಸಿ. 170 ಭಾಗಿಸು 0.24, ಸುಮಾರು 708. 1200 ಅಂದಿದ್ದು 700ಕ್ಕೆ ಬಂತು. ನಿಜವಾಗಿ 1200 ಇದ್ದಿದ್ದರೆ 288 ಗ್ರಾಂ ತೂಗಬೇಕಿತ್ತು. ಟವೆಲ್ ಕೆಟ್ಟದ್ದೇನಲ್ಲ, ಈಗಲೂ ನನ್ನ ಹತ್ತಿರ ಇದೆ. ದುಡ್ಡು ಮಾತ್ರ 1200ರದ್ದು ಕೊಟ್ಟಿದ್ದೆ.

40 ಸೆಂ.ಮೀ. ಚೌಕದ ಸಾಮಾನ್ಯ ಟವೆಲ್ 350 ಜಿಎಸ್‌ಎಂ ಇದ್ದರೆ 56 ಗ್ರಾಂ ಬರಬೇಕು. ಐದಾರು ಗ್ರಾಂ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ, ಅಂಚಿನ ಹೊಲಿಗೆಯ ತೂಕವೂ ಅದರಲ್ಲಿ ಸೇರಿರುತ್ತದೆ. ಆದರೆ ಜಿಎಸ್‌ಎಂ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತಲ್ಲ. ದಪ್ಪ ಟವೆಲ್‌ನಲ್ಲಿ ಗಾಜು ಒರೆಸಿ ನೋಡಿ, ಮಂಜು ಮಂಜು ಗುರುತು ಉಳಿಯುತ್ತದೆ.

ಯಾವ ಕೆಲಸಕ್ಕೆ ಯಾವುದು

ಗಾಜಿಗೆ: 200ರಿಂದ 300 ಜಿಎಸ್‌ಎಂನ ತೆಳು ಬಟ್ಟೆ, ಜುಂಗು ಇಲ್ಲದ್ದು. ಮೀನಿನ ಹುರುಪೆಯಂಥ ನೇಯ್ಗೆ ಇರುವುದೂ ಸಿಗುತ್ತದೆ, ಚೆನ್ನಾಗಿದೆ.

ಒಳಗಿನ ಭಾಗಕ್ಕೆ, ಬಾಗಿಲ ಸಂದಿಗೆ, ಗಾಲಿಗೆ: 300–350ರ ಸಾಮಾನ್ಯ ಟೆರ್ರಿ. ಎರಡೂ ಕಡೆ ಸಣ್ಣ ಸಣ್ಣ ಕುಣಿಕೆಯಂಥ ಎಳೆ ಇರುತ್ತದೆ. ಇದನ್ನು ಕಟ್ಟುಗಟ್ಟಲೆ ತಗೊಳ್ಳಿ, ಕಳೆದುಹೋದರೂ ಹೊಟ್ಟೆ ಉರಿಯುವುದಿಲ್ಲ.

ವ್ಯಾಕ್ಸ್, ಪಾಲಿಶ್ ಒರೆಸಿ ತೆಗೆಯಲು: 350ರಿಂದ 500, ಒಂದು ಕಡೆ ಎಳೆ ಗಿಡ್ಡ, ಇನ್ನೊಂದು ಕಡೆ ಉದ್ದ ಇರುವಂಥದ್ದು. ಗಿಡ್ಡ ಕಡೆಯಿಂದ ಹಚ್ಚಿದ್ದನ್ನು ತೆಗೆಯಬೇಕು, ಉದ್ದ ಕಡೆಯಿಂದ ಕೊನೆಯ ಹೊಳಪು ಕೊಡಬೇಕು.

ಒಣಗಿಸಲು, ಅಂದರೆ ತೊಳೆದ ಮೇಲೆ ನೀರು ತೆಗೆಯಲು: 600ಕ್ಕಿಂತ ಮೇಲೆ. ಇಲ್ಲಿ ಎರಡು ಜಾತಿ. ಒಂದು, ತುಪ್ಪಳದ ಹಾಗೆ ಮೆತ್ತನೆಯದು. ಇನ್ನೊಂದು, ಹುರಿಹುರಿಯಾಗಿ ತಿರುಚಿದ ಎಳೆಗಳದ್ದು, ಟ್ವಿಸ್ಟೆಡ್ ಲೂಪ್ ಅನ್ನುತ್ತಾರೆ. ನನ್ನ ಓಟು ಎರಡನೆಯದಕ್ಕೆ. 60 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದದ ಒಂದೇ ಟವೆಲ್ ಹಿಂಡದೆಯೇ ಇಡೀ ಕಾರಿನ ನೀರು ಕುಡಿದುಬಿಡುತ್ತದೆ. ನಮ್ಮಲ್ಲಿ ಇದು ಬರೀ ಅನುಕೂಲದ ಮಾತಲ್ಲ. ಬೋರ್ ನೀರಿನಲ್ಲಿ ತೊಳೆದ ಕಾರು ಬಿಸಿಲಿಗೆ ತಾನಾಗಿ ಒಣಗಿದರೆ ಹನಿ ಇದ್ದಲ್ಲೆಲ್ಲಾ ಬಿಳಿ ಉಂಗುರ ಕೂರುತ್ತದೆ, ಅದನ್ನು ತೆಗೆಯುವುದು ದೊಡ್ಡ ತಲೆನೋವು. ಆದ್ದರಿಂದ ಬೇಗ ಒಣಗಿಸುವ ಟವೆಲ್‌ಗೆ ಕೈ ಬಿಚ್ಚಿ ದುಡ್ಡು ಹಾಕಿ, ಉಳಿದದ್ದರಲ್ಲಿ ಉಳಿಸಿ. ಜೇನುಗೂಡಿನಂಥ ವಾಫಲ್ ನೇಯ್ಗೆಯ ಟವೆಲ್ ಕೂಡ ನೀರು ತೆಗೆಯುತ್ತದೆ. ಆದರೆ ತೊಳೆಯುವಾಗ ಎಲ್ಲೋ ಒಂದು ಕಣ ಉಳಿದಿದ್ದರೆ, ಅದನ್ನು ಒಳಗೆ ಎಳೆದುಕೊಳ್ಳುವಷ್ಟು ಉದ್ದನೆಯ ಎಳೆ ಅದರಲ್ಲಿ ಇರುವುದಿಲ್ಲ.

ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಗಟ್ಟಿಯಾಗಿ ಕೂರುವ ರಕ್ಷಣೆಯ ಪದರ, ಹಚ್ಚಲು ನುಣುಪಾದ ಸ್ವೀಡ್ ತುಂಡು ಬೇಕು. ಮನೆಯಲ್ಲಿ ಕೋಟಿಂಗ್ ಹಚ್ಚುವವರು ಕಡಿಮೆ, ಹಾಗಾಗಿ ಅದನ್ನು ಇಲ್ಲಿಗೇ ಬಿಡುತ್ತೇನೆ.

ಅಂಚು ಮತ್ತು ಲೇಬಲ್

ಬಟ್ಟೆ ಎಷ್ಟೇ ಮೆತ್ತಗಿರಲಿ, ಅಂಚಿನ ಹೊಲಿಗೆ ಗಟ್ಟಿ ನೈಲಾನ್ ದಾರದ್ದಾದರೆ ಗೀರು ಹಾಕುವುದು ಅದೇ. ಅಂಚಿಗೆ ಹೊಲಿಗೆಯೇ ಇಲ್ಲದೆ ಬಿಸಿಯಿಂದ ಅಥವಾ ಅಲ್ಟ್ರಾಸೋನಿಕ್‌ನಿಂದ ಕತ್ತರಿಸಿದವು ಬಣ್ಣಕ್ಕೆ ಸುರಕ್ಷಿತ. ಅಂಚಿಗೆ ಮೈಕ್ರೋಫೈಬರ್ ಪಟ್ಟಿಯನ್ನೇ ಮಡಿಸಿ ಹೊಲಿದವೂ ಒಳ್ಳೆಯವೇ, ಇನ್ನೂ ಜಾಸ್ತಿ ದಿನ ಬಾಳುತ್ತವೆ. ಬೆರಳಿಂದ ಅಂಚು ಒತ್ತಿ ಸವರಿ ನೋಡಿ. ಮೀನು ಹಿಡಿಯುವ ಗಾಳದ ದಾರ ಮುಟ್ಟಿದ ಹಾಗೆ ಅನಿಸಿದರೆ ಅದನ್ನು ಗಾಲಿಗೆ ಇಟ್ಟುಬಿಡಿ.

ಹೊಲಿದ ಲೇಬಲ್ ಇದ್ದರೆ ಮೊದಲ ದಿನವೇ ಕತ್ತರಿಸಿ. ಎಳೆದು ಕೀಳಬೇಡಿ, ಎಳೆಗಳೂ ಜೊತೆಗೇ ಬರುತ್ತವೆ.

ಮನೆಯಲ್ಲೇ ಮಾಡಬಹುದಾದ ಮೂರು ಪರೀಕ್ಷೆ

ಒಂದು, ಅಂಗೈ. ಒಣ ಅಂಗೈ ಮೇಲೆ ಬಟ್ಟೆ ಇಟ್ಟು ನಿಧಾನ ಎಳೆಯಿರಿ. ಚರ್ಮದ ಒರಟಿಗೆ ಚಿರ್ ಅಂತ ಸಣ್ಣಗೆ ಹತ್ತಿಕೊಂಡರೆ ಎಳೆ ಸರಿಯಾಗಿ ಸೀಳಿದೆ ಅಂತ. ಹಾಗೇ ಜಾರಿಹೋದರೆ ಅನುಮಾನ ಪಡಿ. ಚಳಿಗಾಲದಲ್ಲಿ ಕೈ ಒಡೆದಾಗ ಈ ಪರೀಕ್ಷೆ ಇನ್ನೂ ಚೆನ್ನಾಗಿ ಆಗುತ್ತದೆ, ಮೈ ಜುಂ ಅನ್ನುತ್ತದೆ.

ಎರಡು, ನೀರು. ಅಡುಗೆಮನೆ ಕಟ್ಟೆ ಮೇಲೆ ಎರಡು ಚಮಚ ನೀರು ಚೆಲ್ಲಿ, ಬಟ್ಟೆಯನ್ನು ಒತ್ತದೆ ಮೇಲೆ ಇಟ್ಟು ಎಳೆಯಿರಿ. ಹಿಂದೆ ಒಣ ಜಾಡು ಉಳಿಯಬೇಕು. ಹೊಸ ಟವೆಲ್ ಮೊದಲ ಒಗೆತದ ಮುಂಚೆ ಇದರಲ್ಲಿ ಫೇಲಾದರೆ ಗಾಬರಿ ಬೇಡ, ಒಗೆದ ಮೇಲೆ ಇನ್ನೊಮ್ಮೆ ನೋಡಿ.

ಮೂರು, ಹಳೇ ಸಿಡಿ. ಮನೆಯಲ್ಲಿ ಎಲ್ಲೋ ಮದುವೆ ಕ್ಯಾಸೆಟ್ ಕಾಲದ ಸಿಡಿ ಬಿದ್ದಿರುತ್ತೆ ಅಲ್ವಾ? ಯಾರ ಮದುವೆಯದ್ದು ಅಂತ ನೋಡಿಕೊಂಡು ತಗೊಳ್ಳಿ, ಆಮೇಲೆ ಜಗಳ ಬೇಡ. ಅದರ ಹೊಳೆಯುವ ಕಡೆ ಬಟ್ಟೆಯ ನಡುಭಾಗದಿಂದ ಇಪ್ಪತ್ತು ಸಲ ಒತ್ತಿ ಉಜ್ಜಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಮತ್ತೆ ಅಂಚಿನಿಂದ ಉಜ್ಜಿ ನೋಡಿ. ಗೀರು ಬಿದ್ದರೆ ಆ ಬಟ್ಟೆ ಬಣ್ಣದ ಹತ್ತಿರ ಹೋಗಬಾರದು.

ಬೆಂಕಿ ಹಚ್ಚಿ ನೋಡುವ ಪರೀಕ್ಷೆಯನ್ನೂ ಕೆಲವರು ಹೇಳುತ್ತಾರೆ. ಪಾಲಿಯೆಸ್ಟರ್ ಕರಗಿ ಮಣಿಯಾಗುತ್ತದೆ, ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಹತ್ತಿ ಬೆರೆತಿದೆಯೋ ಇಲ್ಲವೋ ಅಂತ ಮಾತ್ರ ಇದರಿಂದ ಗೊತ್ತಾಗುತ್ತದೆ, 70/30 ಹೌದೋ ಅಲ್ಲವೋ ಗೊತ್ತಾಗುವುದಿಲ್ಲ. ಸುಮ್ನೆ ಕೈ ಸುಟ್ಟುಕೊಳ್ಳುವುದು ಯಾಕೆ?

ಎಷ್ಟು ಬೇಕು

ಒಂದು ಕಾರಿಗೆ, ತಿಂಗಳಿಗೆ ಮೂರು ನಾಲ್ಕು ಸಲ ತೊಳೆಯುವವರಿಗೆ, ಒಣಗಿಸುವ ದೊಡ್ಡದು ಎರಡು, ಬಣ್ಣಕ್ಕೆ ನಾಲ್ಕು, ಗಾಜಿಗೆ ಎರಡು, ಒಳಗೆ ಮೂರು, ಗಾಲಿಗೆ ಎರಡು. ಟವೆಲ್‌ಗಳಿಗೆ ಬಣ್ಣದ ಲೆಕ್ಕ ಇಟ್ಟುಕೊಳ್ಳಿ. ನನ್ನ ಹತ್ತಿರ ನೀಲಿ ಅಂದರೆ ಕಾರಿನ ಬಣ್ಣದ ಮೇಲೆ, ಹಸಿರು ಗಾಜಿಗೆ, ಹಳದಿ ಒಳಗೆ, ಬೂದು ಗಾಲಿಗೆ. ನಿಮ್ಮದು ಬೇರೆ ಇರಲಿ, ಆದರೆ ಒಂದು ಸಲ ಮಾಡಿದ್ದನ್ನು ಬದಲಿಸಬೇಡಿ.

ಈ ಲೆಕ್ಕ ನನಗೆ ಕಲಿಸಿದ್ದು ಒಂದು ವಾಷಿಂಗ್ ಸೆಂಟರ್. ಅಲ್ಲಿನ ಹುಡುಗ ಗಾಲಿ ಒರೆಸಿದ ಬಟ್ಟೆಯನ್ನೇ ಬಕೆಟ್‌ನಲ್ಲಿ ಒಂದು ಸಲ ಅದ್ದಿ ಬಾನೆಟ್ ಮೇಲೆ ಇಟ್ಟ. ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿಯೆಲ್ಲಾ ಅದರಲ್ಲಿತ್ತು. ನಾನು ಓಡಿಹೋಗಿ ಕೈ ಹಿಡಿದೆ. "ಅಣ್ಣಾ, ಬಟ್ಟೆ ಹೊಸಾದ ಅದ ರೀ, ಏನ್ ಆಗಂಗಿಲ್ಲ" ಅಂದ. ಅವನ ತಪ್ಪಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಅಲ್ಲಿಗೆ ಹೋದರೆ ನನ್ನದೇ ಚೀಲ ಒಯ್ಯುತ್ತೇನೆ. "ತಮ್ಮಾ, ನೀಲಿ ಮ್ಯಾಲಕ್ಕ, ಬೂದಿ ಬಣ್ಣದ್ದು ಗಾಲಿಗಿ" ಅಂತ ಕೊಟ್ಟುಬಿಡುತ್ತೇನೆ. ಮೊದಲ ಸಲ ನಕ್ಕರು, ಈಗ ರೂಢಿಯಾಗಿದೆ.

ಮೊದಲ ಒಗೆತ

ಹೊಸ ಟವೆಲ್‌ನಲ್ಲಿ ಬಿಟ್ಟ ಎಳೆ, ಜಾಸ್ತಿಯಾದ ಬಣ್ಣ, ಕಾರ್ಖಾನೆಯಲ್ಲಿ ಹಚ್ಚಿದ ನುಣುಪು ಎಲ್ಲಾ ಇರುತ್ತದೆ. ಪ್ಯಾಕೆಟ್ ಒಡೆದು ನೇರ ಕಾರಿಗೆ ಇಡಬೇಡಿ. ಕೆಂಪು, ಕಡು ನೀಲಿ ಇದ್ದರೆ ಬೇರೆ ಬೇರೆ ನೆನೆಹಾಕಿ, ಬಣ್ಣ ಬಿಡುತ್ತವೆ. ಸ್ವಲ್ಪ ಲಿಕ್ವಿಡ್ ಡಿಟರ್ಜೆಂಟ್ ಹಾಕಿ ಒಗೆದು, ಒಣಗಿಸಿ, ಜೋರಾಗಿ ಝಾಡಿಸಿ. ಅಷ್ಟೇ.

ಕೈಯಲ್ಲಿ ಹಿಡಿದಾಗ

ನಾಲ್ಕು ಮಡಿಕೆ ಮಾಡಿ. 40 ಸೆಂ.ಮೀ. ಚೌಕದ ಟವೆಲ್ ಎರಡು ಸಲ ಮಡಿಸಿದರೆ 20 ಸೆಂ.ಮೀ. ಚೌಕವಾಗುತ್ತದೆ. ತಿರುವಿ ಮುರುವಿ ಬಳಸಿದರೆ ಎಂಟು ಹೊಸ ಮುಖ ಸಿಗುತ್ತವೆ. ಒಂದು ಮುಖ ಕೊಳೆಯಾಯಿತು ಅನಿಸಿದ ತಕ್ಷಣ ಮಡಿಕೆ ಬದಲಿಸಿ. ಮುದ್ದೆ ಮಾಡಿ ಹಿಡಿದರೆ ಬೆರಳ ತುದಿಯ ಒತ್ತಡ ಒಂದೇ ಕಡೆ ಬೀಳುತ್ತದೆ, ಯಾವ ಭಾಗ ಕೊಳೆಯಾಗಿದೆ ಅಂತಲೂ ತಿಳಿಯುವುದಿಲ್ಲ.

ತೊಳೆಯುವ ಮುಂಚೆ ಕಾರು ತಣ್ಣಗಿರಬೇಕು. ಮೇ ತಿಂಗಳಲ್ಲಿ ಇಲ್ಲಿ 42–43 ಡಿಗ್ರಿ ಸಾಮಾನ್ಯ, ಬಿಸಿಲಲ್ಲಿ ನಿಂತ ಬಾನೆಟ್ ಮುಟ್ಟಿದರೆ ಚುರ್ ಅನ್ನುತ್ತದೆ. ಅದರ ಮೇಲೆ ಶಾಂಪೂ ಹಾಕಿದರೆ ತೊಳೆಯುವ ಮೊದಲೇ ಒಣಗಿ ಕಲೆಯಾಗುತ್ತದೆ. ಬೆಳಗ್ಗೆ ಏಳರೊಳಗೆ ಮುಗಿಸಿ, ಇಲ್ಲಾ ಸಂಜೆ ಹೊತ್ತು ಮುಳುಗಿದ ಮೇಲೆ ಶುರು ಮಾಡಿ.

ಮೊದಲು ಬರೀ ನೀರು, ಮೇಲಿಂದ ಕೆಳಗೆ. ಪೈಪ್ ಇದ್ದರೆ ಪೈಪು, ನೀರಿನ ತಾಪತ್ರಯ ಇದ್ದರೆ ಮಗ್. ಧೂಳು ಹರಿದುಹೋದ ಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ, ಒಂದರಲ್ಲಿ ಬರೀ ನೀರು. ತೊಳೆಯುವ ಕೈಗವಸನ್ನು ಬರೀ ನೀರಿನಲ್ಲಿ ಜಾಲಾಡಿ ಆಮೇಲೆ ಶಾಂಪೂಗೆ ಅದ್ದಬೇಕು. ಎರಡನೇ ಬಕೆಟ್‌ನ ತಳ ಕೊನೆಗೆ ನೋಡಿ, ಕರಿ ಮಣ್ಣು ಒಂದು ಪದರ ಕೂತಿರುತ್ತದೆ. ಅದೆಲ್ಲಾ ನಿಮ್ಮ ಬಾನೆಟ್ ಮೇಲೆ ಉರುಳಾಡಬೇಕಾಗಿದ್ದದ್ದು.

ಒಣಗಿಸುವಾಗ ಉಜ್ಜಬೇಡಿ. ದೊಡ್ಡ ಟವೆಲ್ ಅನ್ನು ಹಾಸಿಗೆ ಮೇಲೆ ಚಾದರ ಹಾಸಿದ ಹಾಗೆ ಬಾನೆಟ್ ಮೇಲೆ ಪೂರ್ತಿ ಹಾಸಿ. ಅಂಗೈಯಿಂದ ಮೆಲ್ಲಗೆ ತಟ್ಟಿ, ಎರಡು ತುದಿ ಹಿಡಿದು ನಿಮ್ಮ ಕಡೆ ಎಳೆದುಕೊಳ್ಳಿ. ನೀರು ಹೋಯಿತು. ಬಾಗಿಲಿಗೆ ಬಂದಾಗ ಒತ್ತಿ ಎತ್ತಿ, ಒತ್ತಿ ಎತ್ತಿ. ಬಾಗಿಲ ಕೆಳಭಾಗದ ಒಂದು ಗೇಣು ಯಾವತ್ತೂ ಕೊನೆಗೆ, ಅದೂ ಹಳೇ ಟವೆಲ್‌ನಲ್ಲಿ. ನೀವು ಎಷ್ಟೇ ತೊಳೆದಿರಿ, ಮರಳು ಉಳಿಯುವುದು ಅಲ್ಲೇ.

ಗಾಜಿಗೆ ಎರಡು ಬಟ್ಟೆ. ಒಂದು ತುಸು ತೇವ, ಇನ್ನೊಂದು ಪೂರ್ತಿ ಒಣ. ಒಳಗಡೆ ಅಡ್ಡ ಒರೆಸಿ, ಹೊರಗಡೆ ಉದ್ದ ಒರೆಸಿ. ಗೆರೆ ಉಳಿದರೆ ಯಾವ ಕಡೆಯದ್ದು ಅಂತ ತಕ್ಷಣ ಗೊತ್ತಾಗುತ್ತದೆ.

ಕೈ ಜಾರಿ ಟವೆಲ್ ನೆಲಕ್ಕೆ ಬಿದ್ದರೆ ಅದು ಅವತ್ತಿನ ಮಟ್ಟಿಗೆ ಮುಗಿಯಿತು. ಝಾಡಿಸಿದರೆ ಹೋಗುತ್ತೆ ಅಂತ ಅಂದುಕೊಳ್ಳಬೇಡಿ. ಎಳೆ ಸೀಳಿ ಮಾಡಿದ್ದೇ ಹಿಡಿದುಕೊಳ್ಳಲಿ ಅಂತ. ಬಿದ್ದ ಟವೆಲ್ ಬೇರೆ ಬಕೆಟ್‌ಗೆ ಹೋಗಲಿ.

ಒಗೆಯುವುದು, ಅಂದರೆ ನಿಜವಾದ ಕೆಲಸ

ಒಂದು ಭಾನುವಾರ ಕಾರು ತೊಳೆದು, ಟವೆಲ್‌ಗಳನ್ನು ಬಚ್ಚಲಲ್ಲಿ ಬಿಟ್ಟು ಸೂಪರ್ ಮಾರ್ಕೆಟ್ ಕಡೆ ಹೋಗಿದ್ದೆ. ಬಂದಾಗ ಅವ್ವ ಖುಷಿಯಲ್ಲಿದ್ದಳು. "ನಿನ್ ಕಾರಿನ ಅರಬೀನೂ ಕೌದಿ ಜೋಡಿ ಮಷೀನಿಗಿ ಹಾಕೀನಿ. ಹೆಂಗ್ ಘಮಾ ಘಮಾ ಅನ್ಲಕತ್ತಾವ ನೋಡು." ಮೂಗಿಗೆ ಹಿಡಿದರೆ ನಿಜವಾಗಿಯೂ ಮಲ್ಲಿಗೆ ವಾಸನೆ. ಕೌದಿಯ ಹತ್ತಿಯ ಜುಂಗೆಲ್ಲಾ ಟವೆಲ್‌ಗೆ ಹತ್ತಿತ್ತು. ಮೇಲಿಂದ ಕಂಡಿಷನರ್ ಬೇರೆ. ಮುಂದಿನ ವಾರ ಅದೇ ನೀಲಿ ಟವೆಲ್ ಕಾರಿನ ಮೇಲೆ ಎಳೆದರೆ ನೀರು ಕುಡಿಯಲೇ ಇಲ್ಲ. ಕೆಸುವಿನ ಎಲೆ ಮೇಲೆ ಹನಿ ಉರುಳಿದ ಹಾಗೆ ಪಕ್ಕಕ್ಕೆ ಸರಿದು ಹೋಯಿತು, ಹಿಂದೆ ಬಿಳಿ ಜುಂಗು ಮಾತ್ರ ಉಳಿಯಿತು.

ಕಂಡಿಷನರ್ ಎಳೆಯ ಮೇಲೆ ಮೇಣದಂಥ ಒಂದು ತೆಳು ಪದರ ಬಿಡುತ್ತದೆ. ಸೀರೆ, ಚಾದರ ಮೆತ್ತಗೆ ಅನಿಸುವುದು ಅದರಿಂದಲೇ. ಮೈಕ್ರೋಫೈಬರ್‌ನಲ್ಲಿ ಅದೇ ಪದರ ಸೀಳುಗಳ ಸಂದಿ ಮುಚ್ಚಿಬಿಡುತ್ತದೆ. ಆದ್ದರಿಂದ ಕಂಡಿಷನರ್ ಬೇಡ. ಬ್ಲೀಚ್ ಬೇಡ, ಅದು ಎಳೆಯನ್ನೇ ತಿನ್ನುತ್ತದೆ. ಹತ್ತಿಯ ಜೊತೆ ಬೇಡ.

ನಾನು ಈಗ ಮಾಡುವ ಕ್ರಮ ಇದು. ಕಾರು ಮುಗಿದ ತಕ್ಷಣ ಟವೆಲ್ ಒದ್ದೆ ಇರುವಾಗಲೇ ಎರಡು ಬಕೆಟ್‌ಗೆ ಹಾಕುತ್ತೇನೆ. ಬಣ್ಣ ಮತ್ತು ಗಾಜಿನವು ಒಂದರಲ್ಲಿ, ಗಾಲಿ ಮತ್ತು ಎಂಜಿನ್ ಕಡೆಯವು ಇನ್ನೊಂದರಲ್ಲಿ. ಇವೆರಡೂ ಯಾವತ್ತೂ ಒಂದೇ ನೀರು ಕುಡಿಯಬಾರದು. ಉಗುರುಬೆಚ್ಚಗಿನ ನೀರು, ಒಂದು ಚಮಚ ಲಿಕ್ವಿಡ್ ಡಿಟರ್ಜೆಂಟ್, ಅರ್ಧ ಗಂಟೆ ನೆನೆ. ಬೇಸಿಗೆಯಲ್ಲಿ ನೀರು ಕಾಯಿಸುವ ಗೋಜೂ ಇಲ್ಲ, ಮಾಳಿಗೆ ಮೇಲಿನ ಟ್ಯಾಂಕಿನ ನೀರೇ ಸಾಕಷ್ಟು ಬೆಚ್ಚಗಿರುತ್ತದೆ. ಪುಡಿ ಬೇಡ ಅನ್ನುವುದಕ್ಕೆ ಕಾರಣ ಇದೆ: ನಮ್ಮ ನೀರಿನಲ್ಲಿ ಅದು ಪೂರ್ತಿ ಕರಗದೆ ಎಳೆಯ ನಡುವೆ ಕಾಳಿನ ಹಾಗೆ ಉಳಿಯಬಹುದು.

ಕೈಯಲ್ಲಿ ಒಗೆಯುವವರು ನೀರೊಳಗೇ ಹಿಚುಕಿ, ಬಿಡಿ, ಹಿಚುಕಿ, ಬಿಡಿ. ಕಲ್ಲಿಗೆ ಬಡಿಯಬಾರದು, ಬ್ರಷ್ ಹಾಕಿ ತಿಕ್ಕಬಾರದು. ನಮ್ಮ ಬಚ್ಚಲ ಕಲ್ಲಿನ ಒರಟಿಗೆ ಎಳೆ ಹರಿದು ನಾಲ್ಕೇ ಸಲಕ್ಕೆ ಟವೆಲ್ ಗೋಣಿಚೀಲವಾಗುತ್ತದೆ. ನೀರು ತಿಳಿಯಾಗುವ ತನಕ ಬದಲಿಸಿ. ನನಗೆ ಸಾಮಾನ್ಯವಾಗಿ ಮೂರು ನೀರು ಬೇಕಾಗುತ್ತದೆ, ತೊಗರಿ ಸುಗ್ಗಿಯಲ್ಲಿ ನಾಲ್ಕು. ಮಷಿನ್‌ಗೆ ಹಾಕುವುದಾದರೆ 40 ಡಿಗ್ರಿಯ ಒಳಗೆ, ಮೆಲ್ಲಗೆ ತಿರುಗುವ ಸೆಟ್ಟಿಂಗ್, ಒಂದು ಸಲ ಜಾಸ್ತಿ ಜಾಲಾಡುವ ಬಟನ್ ಒತ್ತಿ. ಹಾಕುವ ಮುಂಚೆ ಡ್ರಮ್ಮಿನೊಳಗೆ ಕೈಯಾಡಿಸಿ ಹಿಂದಿನ ಬಟ್ಟೆಯ ಜುಂಗು ತೆಗೆಯಿರಿ.

ವ್ಯಾಕ್ಸ್ ಹತ್ತಿದ ಟವೆಲ್ ಇದ್ದರೆ ನೆನೆಹಾಕುವ ಮೊದಲು ಆ ಜಾಗಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ, ಬೆರಳಲ್ಲಿ ತಿಕ್ಕಿ ಬಿಡಿ. ಸೆರಾಮಿಕ್ ಕೋಟಿಂಗ್ ಒರೆಸಿದ ಟವೆಲ್‌ಗೆ ಮಾತ್ರ ಯಾವ ಉಪಾಯವೂ ಇಲ್ಲ. ಕೋಟಿಂಗ್ ಎಳೆಯೊಳಗೇ ಗಟ್ಟಿಯಾಗಿ ಗಾಜಿನ ಚೂರಿನ ಹಾಗೆ ಕೂರುತ್ತದೆ. ಮತ್ತೆ ಬಣ್ಣದ ಮೇಲೆ ಬಳಸಿದರೆ ಗೀರು ಖಾತ್ರಿ. ಎಸೆದುಬಿಡಿ.

ಬೋರ್ ನೀರಿನ ಕಾಟ

ಊರಿಗೆ ಭೀಮಾ, ಬೆಣ್ಣೆತೊರಾ ನೀರು ಬರುತ್ತದೆ ನಿಜ, ಆದರೆ ಬಟ್ಟೆ ಒಗೆಯುವುದು ನಮ್ಮಲ್ಲಿ ಬಹಳ ಮನೆಗಳಲ್ಲಿ ಬೋರ್ ನೀರಿನಲ್ಲೇ. ಸುಣ್ಣದಕಲ್ಲಿನ ನಾಡು, ನೀರು ಗಡಸು. ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಆ ಬಿಳಿ ಚಿಪ್ಪು ಗೊತ್ತು. ಅದೇ ಸುಣ್ಣ ಟವೆಲ್ ಎಳೆಯ ಮೇಲೂ ಕೂರುತ್ತದೆ. ನಾಲ್ಕೈದು ತಿಂಗಳಿಗೆ ಮೆತ್ತನೆ ಟವೆಲ್ ಒಣಗಿದಾಗ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತದೆ. ಟವೆಲ್ ಹಾಳಾಯಿತು ಅಂತ ಎಸೆಯಬೇಡಿ.

ಕೊನೆಯ ನೀರಿಗೆ, ಅಂದರೆ ಅರ್ಧ ಬಕೆಟ್‌ಗೆ, ಅಡುಗೆಗೆ ಬಳಸುವ ಬಿಳಿ ವಿನೆಗರ್ ಅರ್ಧ ಕಪ್ ಹಾಕಿ ಇಪ್ಪತ್ತು ನಿಮಿಷ ಬಿಡಿ. ಸುಣ್ಣ ಕರಗುತ್ತದೆ. ಆಮೇಲೆ ಸಾದಾ ನೀರಿನಲ್ಲಿ ಒಂದು ಸಲ ಜಾಲಾಡಿ. ನಳ ಬಂದ ದಿನ ಆ ನೀರಿನಲ್ಲಿ ಜಾಲಾಡಿದರೆ ಇನ್ನೂ ಒಳ್ಳೇದು. ಎರಡು ತಿಂಗಳಿಗೊಮ್ಮೆ ಮಾಡಿದರೆ ಸಾಕು, ಪ್ರತಿ ಸಲ ಬೇಡ. ವಿನೆಗರ್ ಮತ್ತು ಬ್ಲೀಚ್ ಎರಡನ್ನೂ ಅಪ್ಪಿತಪ್ಪಿಯೂ ಒಂದೇ ಬಕೆಟ್‌ಗೆ ಹಾಕಬೇಡಿ, ವಿಷಗಾಳಿ ಏಳುತ್ತದೆ. ಕಂಡಿಷನರ್ ಬಿದ್ದ ಟವೆಲ್‌ಗಳನ್ನೂ ನಾನು ಹೀಗೇ ಉಳಿಸಿಕೊಂಡೆ. ಮೊದಲು ಡಿಟರ್ಜೆಂಟ್‌ನಲ್ಲಿ ಎರಡು ಸಲ, ಆಮೇಲೆ ವಿನೆಗರ್. ಕೌದಿಯ ಜುಂಗನ್ನು ಮಾತ್ರ ಸೆಲೋಟೇಪ್ ಒತ್ತಿ ಒತ್ತಿ ತೆಗೆಯಬೇಕಾಯಿತು, ಒಂದು ಕ್ರಿಕೆಟ್ ಮ್ಯಾಚ್ ಪೂರ್ತಿ ಹಿಡಿಯಿತು.

ಒಣಗಿಸುವುದು, ಇಡುವುದು

ನೆರಳಲ್ಲಿ, ಗಾಳಿ ಆಡುವ ಕಡೆ, ಹಗ್ಗದ ಮೇಲೆ. ನಮ್ಮ ಬಿಸಿಲು ನೈಲಾನ್ ಎಳೆಯನ್ನು ದಿನ ಕಳೆದಂತೆ ಬಿರುಸು ಮಾಡುತ್ತದೆ. ಮಾಳಿಗೆ ಮೇಲೆ ಹರವಿದರೆ ಸಂಜೆಯ ಸುಂಟರಗಾಳಿಗೆ ಟವೆಲ್ ಮೊದಲಿಗಿಂತ ಜಾಸ್ತಿ ಧೂಳು ತುಂಬಿಕೊಂಡು ಕೆಳಗಿಳಿಯುತ್ತದೆ. ಬೇವಿನ ಮರದ ಕೆಳಗೂ ಬೇಡ, ಗೋಡೆಗೆ ತಾಗಿಸಿಯೂ ಬೇಡ. ಬೇಲಿ ಮೇಲೆ ಹಾಕಿ ಜಾಲಿಮುಳ್ಳಿನ ತುದಿ ಸಿಕ್ಕಿಕೊಂಡರೆ ಅದನ್ನು ಹುಡುಕುವುದು ನಿಮ್ಮ ಕಾರಿನ ಬಾಗಿಲೇ. ನಾನು ಒಳಗೆ ಫ್ಯಾನ್ ಕೆಳಗೆ ಹಾಕುತ್ತೇನೆ, ನಮ್ಮ ಒಣ ಹವೆಗೆ ತೆಳುವು ಎರಡು ತಾಸಿಗೆ ಒಣಗುತ್ತವೆ. ಇಸ್ತ್ರಿ ಹಾಕಬೇಡಿ, ಡ್ರೈಯರ್ ಇದ್ದರೆ ತೀರಾ ಕಡಿಮೆ ಬಿಸಿಯಲ್ಲಿ ಮಾತ್ರ. ಇಷ್ಟು ಸಣ್ಣ ಎಳೆ ಬಿಸಿಗೆ ಬೇಗ ಮುರುಟುತ್ತದೆ. ಒಮ್ಮೆ ಮುರುಟಿದರೆ ಮತ್ತೆ ಮೆತ್ತಗಾಗುವುದಿಲ್ಲ.

ಪೂರ್ತಿ ಒಣಗಿದ ಮೇಲೆ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಗೆ. ಡಿಕ್ಕಿಯಲ್ಲಿ ಬರಿದೇ ಬಿಡಬೇಡಿ. ಸ್ಟೆಪ್ನಿ, ಜಾಕಿ, ಮೊನ್ನೆ ತಂದ ಜೋಳದ ಚೀಲದ ಧೂಳು ಎಲ್ಲಾ ಅದಕ್ಕೇ ಹತ್ತುತ್ತದೆ. ಅರ್ಧ ಒಣಗಿದ್ದನ್ನು ಡಬ್ಬಿಗೆ ಹಾಕಿದರೆ ಮುಗ್ಗಲು ವಾಸನೆ.

ಬಡ್ತಿ ಇಲ್ಲ, ಇಳಿತ ಮಾತ್ರ

ಟವೆಲ್‌ಗೆ ದಿನಾಂಕ ನೋಡಿ ನಿವೃತ್ತಿ ಇಲ್ಲ. ಒಗೆದು ಒಣಗಿದ ಮೇಲೂ ಕೆನ್ನೆಗೆ ಒತ್ತಿದಾಗ ಒರಟು ಅನಿಸಿದರೆ, ನೀರು ಕುಡಿಯದಿದ್ದರೆ, ಬೆಳಕಿಗೆ ಹಿಡಿದಾಗ ಎಳೆಯ ನಡುವೆ ಏನೋ ಮಿಣುಕಿದರೆ ಬಣ್ಣದ ಕೆಲಸದಿಂದ ಇಳಿಸಿ. ಬಣ್ಣದಿಂದ ಒಳಭಾಗಕ್ಕೆ, ಅಲ್ಲಿಂದ ಬಾಗಿಲ ಸಂದಿಗೆ, ಆಮೇಲೆ ಗಾಲಿಗೆ, ಕೊನೆಗೆ ಎಂಜಿನ್ ಅಥವಾ ಬೈಕಿನ ಚೈನಿಗೆ. ಕೆಳಗಿಳಿದದ್ದು ಮತ್ತೆ ಮೇಲೆ ಬರಬಾರದು.

ತೊಂದರೆ ಏನಂದರೆ, ಚೆನ್ನಾಗಿ ಒಗೆದ ಮೇಲೆ ಗಾಲಿಗೆ ಇಳಿದ ನೀಲಿಯೂ ಬಾನೆಟ್‌ನ ನೀಲಿಯೂ ಒಂದೇ ತರ ಕಾಣುತ್ತವೆ. ನಾನು ಕತ್ತರಿ ಇಟ್ಟುಕೊಂಡಿದ್ದೇನೆ. ಒಂದು ಮೆಟ್ಟಿಲು ಇಳಿದರೆ ಒಂದು ಮೂಲೆ ಕತ್ತರಿಸುತ್ತೇನೆ, ಇನ್ನೊಂದು ಇಳಿದರೆ ಎರಡನೇ ಮೂಲೆ. ಈಗ ಬೆಳಗಿನ ಕತ್ತಲಲ್ಲಿ ಡಬ್ಬಿಗೆ ಕೈ ಹಾಕಿದರೂ ಮೂಲೆ ಮುಟ್ಟಿಯೇ ಯಾವುದು ಎಲ್ಲಿಯದ್ದು ಅಂತ ಗೊತ್ತಾಗುತ್ತದೆ. ನಾಲ್ಕೂ ಮೂಲೆ ಹೋದ ಒಂದು ಟವೆಲ್ ಈಗ ಬೈಕಿನ ಸೀಟಿನ ಕೆಳಗಿದೆ, ಆ 170 ಗ್ರಾಂನದ್ದಕ್ಕೆ ಇನ್ನೂ ಎರಡು ಮೂಲೆ ಬಾಕಿ.